ಪದವಿ ಪ್ರಾಜೆಕ್ಟ್‌ಗೆ ಯಾವ ದಾರಿ ಹಿಡಿಯೋದು: ಲ್ಯಾಬ್, ಸರ್ವೆ, ಸಂದರ್ಶನ, ಹಳೆ ದಾಖಲೆ, ರೆಡಿ ಡೇಟಾ?

ಸಂಶೋಧನಾ ಪ್ರಾಜೆಕ್ಟ್‌ಗೆ ಏನು ತೆಗೆದುಕೊಳ್ಳಲಿ ಎಂದು ಕೇಳುವ ಪದವಿ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ತಲೆಯಲ್ಲಿ ಆಗಲೇ ಎರಡು ಮೂರು ಯೋಚನೆ ಓಡುತ್ತಿರುತ್ತವೆ. ಮನಶ್ಶಾಸ್ತ್ರದವರು ಸರ್ವೆ ಮಾಡಲಾ, ಸಂದರ್ಶನ ಮಾಡಲಾ ಅಂತ ಕೇಳುತ್ತಾರೆ. ಜೀವಶಾಸ್ತ್ರದವರಿಗೆ ಲ್ಯಾಬ್‌ನಲ್ಲಿ ಜಾಗ ಸಿಕ್ಕಿರುತ್ತದೆ, ಆದರೆ ಅಲ್ಲಿ ಗೈಡ್ ಕೊಟ್ಟ ವಿಷಯವನ್ನೇ ಮಾಡಬೇಕು, ತಮ್ಮ ಮನಸ್ಸಿನಲ್ಲಿ ಇರುವುದು ಬೇರೆ. ಇತಿಹಾಸದವರಿಗೆ ಹಳೆ ಪತ್ರಿಕೆಗಳ ಮೇಲೆ ಕಣ್ಣು, ಆದರೆ ಓದಿ ಮುಗಿಯುತ್ತದಾ ಎಂಬ ಭಯ. ಕಂಪ್ಯೂಟರ್ ಸೈನ್ಸ್‌ನವರ ಪ್ರಶ್ನೆ ಇನ್ನೊಂದು ಥರ: ಒಂದು ಆಪ್ ಕಟ್ಟಿದರೆ ಅದು ಸಂಶೋಧನೆ ಅನ್ನಿಸಿಕೊಳ್ಳುತ್ತದಾ?

ಎಲ್ಲರೂ ವಿಷಯದಿಂದ ಶುರು ಮಾಡುತ್ತಾರೆ. ಒತ್ತಡ, ಹವಾಮಾನ, ಕೃತಕ ಬುದ್ಧಿಮತ್ತೆ, ಲಿಂಗ ಸಮಾನತೆ. ವಿಷಯ ಇಷ್ಟವಾಗಬೇಕು ನಿಜ, ಆದರೆ ಪ್ರಾಜೆಕ್ಟ್ ಮುಗಿಯುತ್ತದೋ ಇಲ್ಲವೋ ಅನ್ನೋದನ್ನು ತೀರ್ಮಾನ ಮಾಡುವುದು ವಿಷಯ ಅಲ್ಲ, ವಿಧಾನ. ಒಂದೇ ವಿಷಯವನ್ನು ನಾಲ್ಕು ವಿಧಾನದಲ್ಲಿ ಮಾಡಬಹುದು. ನಿದ್ರೆಯನ್ನೇ ತೆಗೆದುಕೊಳ್ಳಿ. ಸರ್ವೆ ಮಾಡಬಹುದು, ರಾತ್ರಿ ಪಾಳಿಯ ನರ್ಸ್‌ಗಳನ್ನು ಮಾತಾಡಿಸಬಹುದು, ಯಾರೋ ಆಗಲೇ ಸಂಗ್ರಹಿಸಿಟ್ಟ ಆರೋಗ್ಯ ಡೇಟಾ ನೋಡಬಹುದು, ಹಣ್ಣುನೊಣಗಳನ್ನು ಸಾಕಿ ಅವುಗಳ ನಿದ್ರೆ ಅಳೆಯಬಹುದು. ಈ ನಾಲ್ಕೂ ನಿಮ್ಮಿಂದ ಕೇಳುವ ಸಮಯ, ತಾಳ್ಮೆ, ದುಡ್ಡು ಪೂರ್ತಿ ಬೇರೆ ಬೇರೆ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು, ನನ್ನ ಪ್ರಕಾರ ಉಳಿದೆಲ್ಲಕ್ಕಿಂತ ಮುಖ್ಯವಾದದ್ದು: ಕೆಲಸ ಎಲ್ಲಿ ನಿಲ್ಲುತ್ತದೆ, ನಿಂತಾಗ ಅದನ್ನು ಮತ್ತೆ ಹೊರಡಿಸುವುದು ಯಾರ ಕೈಯಲ್ಲಿದೆ? ಲ್ಯಾಬ್ ಕೆಲಸ ಜೀವಿ ಬೆಳೆಯುವ ತನಕ ನಿಲ್ಲುತ್ತದೆ. ಸರ್ವೆ, ಜನ ಉತ್ತರ ಕೊಡುವ ತನಕ. ಸಂದರ್ಶನ, ಅನುಮತಿ ಬರುವ ತನಕ. ಹಳೆ ದಾಖಲೆಯ ಕೆಲಸ, ಕಡತ ಕೈಗೆ ಸಿಗುವ ತನಕ. ನಿಮ್ಮ ಸೆಮಿಸ್ಟರ್ ಮಾತ್ರ ಯಾರಿಗಾಗಿಯೂ ನಿಲ್ಲುವುದಿಲ್ಲ.

ಎರಡನೆಯದು, ಅಂದುಕೊಂಡ ಫಲಿತಾಂಶ ಬರದಿದ್ದರೆ ಬರೆಯಲು ಏನು ಉಳಿಯುತ್ತದೆ? ಕೆಲವು ವಿಧಾನಗಳಲ್ಲಿ "ವ್ಯತ್ಯಾಸ ಕಾಣಲಿಲ್ಲ" ಎನ್ನುವುದೇ ಒಳ್ಳೆಯ ಉತ್ತರ. ಇನ್ನು ಕೆಲವುಗಳಲ್ಲಿ ಖಾಲಿ ಹಾಳೆ.

ಮೂರನೆಯದು, ನಿಮಗೆ ಸಿಗುವ ಸಮಯ ಎಂಥದ್ದು. ವಾರಕ್ಕೆ ಎಂಟು ಗಂಟೆ ಸಿಗುತ್ತದೆ ಅಂತಿಟ್ಟುಕೊಳ್ಳಿ. ಅದು ಒಂದೇ ದಿನ ಸಿಗುತ್ತದಾ, ದಿನಕ್ಕೊಂದು ಗಂಟೆಯಾಗಿ ಚೂರುಚೂರಾಗಿ ಸಿಗುತ್ತದಾ? ಲ್ಯಾಬ್‌ಗೆ ಚೂರು ಸಮಯ ಪ್ರಯೋಜನಕ್ಕೆ ಬರುವುದಿಲ್ಲ. ಡೇಟಾ ಕೆಲಸಕ್ಕೆ, ಓದುವ ಕೆಲಸಕ್ಕೆ ಅದು ಸಾಕಾಗುತ್ತದೆ.

ನಾಲ್ಕನೆಯದು ಗೈಡ್. ದೊಡ್ಡ ಹೆಸರು ಇದೆಯಾ ಅಂತ ನೋಡಬೇಡಿ. ಆ ವಿಧಾನವನ್ನು ಅವರು ಸ್ವತಃ ಮಾಡಿದ್ದಾರಾ, ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಕೊಡುತ್ತಾರಾ, ಇಷ್ಟು ನೋಡಿ. ದುಡ್ಡು, ಸಲಕರಣೆ, ಮುಂದೆ ಏನು ಮಾಡಬೇಕೆಂದಿದ್ದೀರಿ ಎನ್ನುವುದು ಆಮೇಲೆ.

ಪದವಿ ಹಂತದಲ್ಲಿ ಸಂಶೋಧನೆ ಅಂದರೆ ಹೆಸರಿಗೆ ಮಾತ್ರ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1969ರಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಅಲ್ಲಿನ ಪ್ರಾಧ್ಯಾಪಕಿ ಮಾರ್ಗರೆಟ್ ಮ್ಯಾಕ್‌ವಿಕಾರ್ ಪದವಿ ವಿದ್ಯಾರ್ಥಿಗಳನ್ನು ಪ್ರಾಧ್ಯಾಪಕರ ನಿಜವಾದ ಸಂಶೋಧನೆಗೆ ಸೇರಿಸುವ ಕಾರ್ಯಕ್ರಮ ಶುರು ಮಾಡಿದರು. ಅದು ಇವತ್ತಿಗೂ ನಡೆಯುತ್ತಿದೆ.

ಲ್ಯಾಬ್ ಪ್ರಯೋಗ

ಲ್ಯಾಬ್ ಆರಿಸುವವರು ಮೊದಲು ನೋಡಬೇಕಾದದ್ದು ಕ್ಯಾಲೆಂಡರ್. ನೀವು ಯಾವ ಜೀವಿಯ ಮೇಲೆ ಕೆಲಸ ಮಾಡುತ್ತೀರೋ ಅದೇ ನಿಮ್ಮ ವೇಳಾಪಟ್ಟಿ ಬರೆಯುತ್ತದೆ. ಇ. ಕೋಲಿ ಬ್ಯಾಕ್ಟೀರಿಯಾ ಒಳ್ಳೆಯ ಪೋಷಕ ದ್ರವದಲ್ಲಿ, 37 ಡಿಗ್ರಿಯಲ್ಲಿ ಸುಮಾರು 20 ನಿಮಿಷಕ್ಕೆ ದುಪ್ಪಟ್ಟಾಗುತ್ತದೆ. ಸಂಜೆ ಹಾಕಿದರೆ ಬೆಳಿಗ್ಗೆ ಸಿದ್ಧ. ಹಣ್ಣುನೊಣದ ಒಂದು ತಲೆಮಾರಿಗೆ 25 ಡಿಗ್ರಿಯಲ್ಲಿ ಸುಮಾರು 10 ದಿನ ಬೇಕು. ಸಸ್ಯಗಳಲ್ಲಿ ಬೇಗ ಬೆಳೆಯುತ್ತದೆ ಎಂದೇ ಹೆಸರಾದ ಅರಬಿಡಾಪ್ಸಿಸ್ ಬೀಜದಿಂದ ಮತ್ತೆ ಬೀಜಕ್ಕೆ ಬರಲು ಆರು ವಾರ ಅಥವಾ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತದೆ.

ಈಗ ಲೆಕ್ಕ ಹಾಕಿ. ಹದಿನಾರು ವಾರದ ಸೆಮಿಸ್ಟರ್. ಮೊದಲ ಎರಡು ಮೂರು ವಾರ ಲ್ಯಾಬ್ ನಿಯಮ, ಉಪಕರಣ ಕಲಿಯಲು ಹೋಗುತ್ತದೆ. ಕೊನೆಯ ಮೂರು ವಾರ ಬರೆಯಲು ಬೇಕು. ಉಳಿದದ್ದು ಹತ್ತು ವಾರ. ಅರಬಿಡಾಪ್ಸಿಸ್ ಹಿಡಿದು ಬೀಜದ ತನಕ ಕಾಯುವ ಪ್ರಯೋಗ ಮಾಡಿದರೆ ನಿಮಗೆ ಸಿಗುವುದು ಒಂದೇ ಅವಕಾಶ. ಅದರಲ್ಲಿ ಗಿಡಕ್ಕೆ ಫಂಗಸ್ ಬಂದರೆ ಆಟ ಮುಗಿಯಿತು. ಅದೇ ಗಿಡದಲ್ಲಿ ಮೊಳಕೆಯ ಬೇರಿನ ಉದ್ದವನ್ನು ಅಳೆಯುವ ಪ್ರಶ್ನೆ ಇಟ್ಟುಕೊಂಡರೆ ಒಂದೆರಡು ವಾರಕ್ಕೆ ಒಂದು ಸುತ್ತು ಮುಗಿಯುತ್ತದೆ, ನಾಲ್ಕೈದು ಸಲ ಮಾಡಬಹುದು. ಜೀವಿ ಅದೇ, ಪ್ರಶ್ನೆ ಬದಲಾಯಿತು ಅಷ್ಟೆ. ಲ್ಯಾಬ್ ಪ್ರಾಜೆಕ್ಟ್‌ನಲ್ಲಿ ಬುದ್ಧಿ ಓಡಿಸಬೇಕಾದದ್ದು ಇಲ್ಲೇ.

ಇನ್ನೊಂದು ವಿಷಯ ಎಲ್ಲರೂ ಎಡವುವಂಥದ್ದು. ಒಂದೇ ಫ್ಲಾಸ್ಕ್‌ನಿಂದ ಮೂರು ಪ್ಲೇಟ್‌ಗೆ ಹಾಕಿ ಮೂರು ಸಲ ಮಾಡಿದೆ ಎಂದು ಬರೆಯುತ್ತಾರೆ. ಅದು ಮೂರು ಸಲ ಅಲ್ಲ, ಒಂದೇ ಸಲ ಮಾಡಿದ್ದನ್ನು ಮೂರು ಸಲ ಅಳೆದದ್ದು. ಬೇರೆ ಬೇರೆ ದಿನ, ಬೇರೆ ಬೇರೆ ಕಲ್ಚರ್‌ನಿಂದ, ಅಂದರೆ ಪ್ರತಿ ಸಲ ಹೊಸದಾಗಿ ಬೆಳೆಸಿದ ಜೀವಿಗಳಿಂದ ಮಾಡಿದರೆ ಮಾತ್ರ ಮೂರು. ಇದಕ್ಕೆ ಸಮಯ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಲ್ಯಾಬ್‌ನ ಲಾಭ ದೊಡ್ಡದು. ಕೈಗೆ ಕೆಲಸ ಬರುತ್ತದೆ, ಪಕ್ಕದಲ್ಲಿ ಪಿಎಚ್‌ಡಿ ಮಾಡುತ್ತಿರುವ ಅಕ್ಕ ಅಣ್ಣಂದಿರು ಇರುತ್ತಾರೆ, ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರೇ ಶಿಫಾರಸು ಪತ್ರ ಬರೆಯುತ್ತಾರೆ. ಮುಂದೆ ವಿಜ್ಞಾನದಲ್ಲೇ ಇರಬೇಕು ಎನ್ನುವವರು ಸಾಧ್ಯವಿದ್ದರೆ ಇದನ್ನೇ ಆರಿಸಿ. ಫಲಿತಾಂಶ ಬರದಿದ್ದರೂ ಕಂಟ್ರೋಲ್, ಅಂದರೆ ಹೋಲಿಸಿ ನೋಡಲು ಏನೂ ಬದಲಾಯಿಸದೆ ಬಿಟ್ಟ ಗುಂಪು, ಸರಿಯಾಗಿ ಇಟ್ಟಿದ್ದರೆ ಬರೆಯಲು ಇರುತ್ತದೆ. ಕಂಟ್ರೋಲ್ ಇಲ್ಲದಿದ್ದರೆ ಒಳ್ಳೆಯ ಫಲಿತಾಂಶ ಬಂದರೂ ಪ್ರಯೋಜನವಿಲ್ಲ.

ಹೊರಗಡೆ ಹೋಗಿ ಪಕ್ಷಿ, ಕೀಟ, ಗಿಡ ಎಣಿಸುವ ಕೆಲಸಕ್ಕೂ ಇದೇ ಮಾತು, ಅಲ್ಲಿ ಕ್ಯಾಲೆಂಡರ್ ಋತುವಿನದು. ಹೂ ಬಿಡುವ ಕಾಲ ತಪ್ಪಿದರೆ ಮುಂದಿನ ವರ್ಷವೇ. ಐನ್ಯಾಚುರಲಿಸ್ಟ್, ಜಿಬಿಐಎಫ್ ಥರದ ವೆಬ್‌ಸೈಟ್‌ಗಳಲ್ಲಿ ಎಲ್ಲರಿಗೂ ಸಿಗುವ ಜೀವವೈವಿಧ್ಯ ದಾಖಲೆಗಳು ಕೋಟಿಗಟ್ಟಲೆ ಇವೆ. ನಿಮ್ಮ ಒಂದು ಋತುವಿನ ಎಣಿಕೆಯನ್ನು ಅದರ ಜೊತೆ ಹೋಲಿಸಿದರೆ ಚಿಕ್ಕ ಕೆಲಸಕ್ಕೂ ತೂಕ ಬರುತ್ತದೆ.

ಸರ್ವೆ

ಎಲ್ಲಕ್ಕಿಂತ ಸುಲಭ ಎಂದು ಜಾಸ್ತಿ ಜನ ಆರಿಸುವುದು ಇದನ್ನೇ. ಫಾರ್ಮ್ ಮಾಡೋದು, ಗುಂಪುಗಳಿಗೆ ಕಳಿಸೋದು, ಚಾರ್ಟ್ ಹಾಕೋದು. ಹಾಗೆ ಮಾಡಿದ್ದನ್ನು ಪರೀಕ್ಷಕರು ಮೊದಲ ಐದು ನಿಮಿಷದಲ್ಲಿ ಕಂಡುಹಿಡಿಯುತ್ತಾರೆ. ಒಳ್ಳೆಯ ಸರ್ವೆ ಕಷ್ಟದ ಕೆಲಸ, ಆ ಕಷ್ಟ ಇರುವುದು ಫಾರ್ಮ್ ಕಳಿಸುವ ಮೊದಲು.

ಒಂದು ಪ್ರಶ್ನೆ ನೋಡೋಣ: "ಮೊಬೈಲ್ ಅತಿಯಾಗಿ ಬಳಸುವುದರಿಂದ ನಿಮ್ಮ ನಿದ್ರೆ ಮತ್ತು ಓದು ಹಾಳಾಗಿದೆಯೇ? ಹೌದು / ಇಲ್ಲ." ನಿದ್ರೆ ಹಾಳಾಗಿ ಓದು ಚೆನ್ನಾಗಿಯೇ ಇರುವವರು ಯಾವುದನ್ನು ಒತ್ತಬೇಕು? ಅತಿಯಾಗಿ ಅಂದರೆ ಎಷ್ಟು? ಹಾಳಾಗಿದೆ ಎಂದು ಪ್ರಶ್ನೆಯೇ ಹೇಳಿಕೊಟ್ಟ ಮೇಲೆ ಇಲ್ಲ ಎನ್ನುವವರು ಎಷ್ಟು ಮಂದಿ? ಇನ್ನು ಮೊಬೈಲ್‌ನಿಂದಲೇ ಹಾಳಾಯಿತು ಎಂದು ಉತ್ತರಿಸುವವರಿಗೆ ಹೇಗೆ ಗೊತ್ತು? ಇದನ್ನು ಮೂರು ಪ್ರಶ್ನೆ ಮಾಡಬೇಕು: ನಿನ್ನೆ ಎಷ್ಟು ಗಂಟೆಗೆ ಮಲಗಿದಿರಿ, ಎಷ್ಟು ಗಂಟೆಗೆ ಎದ್ದಿರಿ, ಮೊಬೈಲ್‌ನ ಸ್ಕ್ರೀನ್ ಟೈಮ್‌ನಲ್ಲಿ ನಿನ್ನೆಯದು ಎಷ್ಟು ತೋರಿಸುತ್ತಿದೆ. ಸಂಬಂಧ ಇದೆಯಾ ಅಂತ ನೋಡುವುದು ನಿಮ್ಮ ಕೆಲಸ, ಉತ್ತರಿಸುವವರದಲ್ಲ.

ಒತ್ತಡ, ಆತ್ಮಗೌರವ ಇಂಥವನ್ನು ಅಳೆಯುವಾಗ ಸ್ವಂತ ಪ್ರಶ್ನೆ ಬರೆಯಲೇ ಬೇಡಿ. ರೋಸೆನ್‌ಬರ್ಗ್ ಅವರ 10 ಪ್ರಶ್ನೆಗಳ ಆತ್ಮಗೌರವ ಮಾಪಕ 1965ರಿಂದ ಬಳಕೆಯಲ್ಲಿದೆ, ಕೋಹೆನ್ ಮತ್ತು ಜೊತೆಗಾರರ ಒತ್ತಡ ಮಾಪಕ 1983ರದು. ಪರೀಕ್ಷೆಗೆ ಒಳಪಟ್ಟ ಮಾಪಕ ಬಳಸಿದರೆ ನಿಮ್ಮ ಅಂಕಿಗಳನ್ನು ಬೇರೆಯವರ ಅಂಕಿಗಳ ಪಕ್ಕ ಇಟ್ಟು ನೋಡಬಹುದು.

ಎಷ್ಟು ಜನ ಬೇಕು? ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ ಆರಿಸಿದ 100 ಜನರಲ್ಲಿ ಶೇಕಡಾವಾರು ಉತ್ತರ ಹೆಚ್ಚೆಂದರೆ ಸುಮಾರು 10 ಅಂಕ ಆಚೀಚೆ ಆಗಬಹುದು, 400 ಜನರಲ್ಲಿ ಸುಮಾರು 5, 1000 ಜನರಲ್ಲಿ ಸುಮಾರು 3. ಇದು ಸಾಮಾನ್ಯವಾಗಿ ಬಳಸುವ ಶೇ. 95ರ ಖಾತ್ರಿಯ ಲೆಕ್ಕ. ತಪ್ಪನ್ನು ಅರ್ಧ ಮಾಡಬೇಕಾದರೆ ಜನ ನಾಲ್ಕು ಪಟ್ಟು ಬೇಕು. ಎರಡು ಗುಂಪಿನ ಸರಾಸರಿ ಹೋಲಿಸುವುದಾದರೆ, ಮಧ್ಯಮ ಗಾತ್ರದ ವ್ಯತ್ಯಾಸವನ್ನು ಹಿಡಿಯಲು ಗುಂಪಿಗೆ 64 ಜನ ಎಂಬುದು ಪ್ರಚಲಿತ ಲೆಕ್ಕ, ಚಿಕ್ಕ ವ್ಯತ್ಯಾಸಕ್ಕೆ ಗುಂಪಿಗೆ 390ರ ಮೇಲೆ ಹೋಗುತ್ತದೆ. ಫ್ರೆಂಡ್ಸ್ ಗುಂಪಿಗೆ ಲಿಂಕ್ ಕಳಿಸಿ ಬಂದ 120 ಉತ್ತರಕ್ಕೆ ಮೇಲಿನ ಲೆಕ್ಕ ಅನ್ವಯಿಸುವುದೇ ಇಲ್ಲ, ಯಾಕೆಂದರೆ ಅಲ್ಲಿ ಚೀಟಿ ಎತ್ತಿಲ್ಲ. ಅದನ್ನು ಬರೆಯಬಾರದು ಅಂತಲ್ಲ. ಇದು ಇಂಥ ಗುಂಪಿನ ಉತ್ತರ, ಎಲ್ಲ ಯುವಜನರದಲ್ಲ ಎಂದು ನೇರವಾಗಿ ಬರೆಯಬೇಕು.

ಖರ್ಚು ಕಡಿಮೆ, ಅಂಕಿಅಂಶ ಕಲಿಯುತ್ತೀರಿ, ವ್ಯತ್ಯಾಸ ಇಲ್ಲ ಎಂದು ಬಂದರೂ ವರದಿ ನಿಲ್ಲುತ್ತದೆ. ಆದರೆ ನೂರಾರು ಜನರನ್ನು ತಲುಪುವ ದಾರಿ ನಿಮಗಿಲ್ಲ ಅಂದರೆ ಸುಮ್ನೆ ಈ ಕಡೆ ಬರಬೇಡಿ.

ಸಂದರ್ಶನ

ಸರ್ವೆಗೆ ಜನ ಸಿಗುವುದಿಲ್ಲ ಎಂದು ಸಂದರ್ಶನಕ್ಕೆ ಬರುವವರಿದ್ದಾರೆ. ಅದು ಆರಿಸಲು ತಪ್ಪು ಕಾರಣ. ಎಷ್ಟು ಮಂದಿ ಎಂದು ಕೇಳುವ ಪ್ರಶ್ನೆಗೆ ಸರ್ವೆ, ಹೇಗೆ ಮತ್ತು ಯಾಕೆ ಎಂದು ಕೇಳುವ ಪ್ರಶ್ನೆಗೆ ಸಂದರ್ಶನ. ಎಷ್ಟು ವಿದ್ಯಾರ್ಥಿಗಳು ಕಾಲೇಜು ಬಿಟ್ಟರು ಎನ್ನುವುದನ್ನು ಹತ್ತು ಜನರನ್ನು ಮಾತಾಡಿಸಿ ತಿಳಿಯಲಾಗದು. ಬಿಡುವ ತೀರ್ಮಾನಕ್ಕೆ ಹೇಗೆ ಬಂದರು, ಮನೆಯಲ್ಲಿ ಯಾವಾಗ ಹೇಳಿದರು, ಯಾರು ತಡೆದರು ಎನ್ನುವುದನ್ನು ಹತ್ತು ಜನ ಚೆನ್ನಾಗಿ ಹೇಳುತ್ತಾರೆ.

ಹತ್ತು ಹನ್ನೆರಡು ಜನ ಸಾಕಾ ಎಂದು ಎಲ್ಲರಿಗೂ ಅನುಮಾನ. 2006ರಲ್ಲಿ ಪ್ರಕಟವಾದ ಒಂದು ಹೆಸರುವಾಸಿ ಅಧ್ಯಯನದಲ್ಲಿ 60 ಸಂದರ್ಶನಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಮುಖ್ಯ ವಿಷಯಗಳಲ್ಲಿ ಬಹುಪಾಲು ಮೊದಲ 12ರೊಳಗೇ ಬಂದುಬಿಟ್ಟಿದ್ದವು. ಒಂದೇ ಥರದ ಹಿನ್ನೆಲೆಯ ಜನರನ್ನು ಒಂದೇ ವಿಷಯದ ಮೇಲೆ ಕೇಳುವಾಗ ಈ ಸಂಖ್ಯೆ ನಂಬಬಹುದು. ಗಂಡಸರು, ಹೆಂಗಸರು, ಮೂರು ವಯಸ್ಸಿನವರು, ಎರಡು ಕೆಲಸದವರು ಎಂದು ಹರಡಿಕೊಂಡರೆ 12 ಎಲ್ಲಿಗೂ ಸಾಲುವುದಿಲ್ಲ. ಗುಂಪು ಚಿಕ್ಕದು ಮಾಡಿ.

ಸಮಯ ಹೋಗುವುದು ಮಾತಾಡಿಸುವುದರಲ್ಲಿ ಅಲ್ಲ. ಒಂದು ಗಂಟೆಯ ರೆಕಾರ್ಡಿಂಗ್ ಕೇಳಿಕೊಂಡು ಅಕ್ಷರಕ್ಕೆ ಇಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಹತ್ತು ಸಂದರ್ಶನಕ್ಕೆ ಐವತ್ತು ಗಂಟೆ ಅಂತಿಟ್ಟುಕೊಳ್ಳಿ. ಸಾಫ್ಟ್‌ವೇರ್ ಬಳಸಿದರೂ ಆಡುಮಾತು, ಎರಡು ಭಾಷೆ ಬೆರೆತ ಮಾತು ಬಂದಾಗ ತಪ್ಪುಗಳನ್ನು ಒಂದೊಂದಾಗಿ ತಿದ್ದಬೇಕು. ಅದಾದ ಮೇಲೆ ಓದಿ, ಗುರುತು ಹಾಕಿ, ವಿಷಯವಾಗಿ ಗುಂಪು ಮಾಡುವ ಕೆಲಸ, ಅದಕ್ಕೂ ಅಷ್ಟೇ ಹೊತ್ತು. ಮೊದಲ ಸಂದರ್ಶನವನ್ನು ಎರಡನೆಯದಕ್ಕೆ ಹೋಗುವ ಮೊದಲೇ ಬರೆದುಕೊಳ್ಳಿ. ನೀವು ಎಲ್ಲಿ ಅವರ ಮಾತು ತುಂಡು ಮಾಡಿದಿರಿ, ಎಲ್ಲಿ ಉತ್ತರವನ್ನು ನೀವೇ ಬಾಯಿಗೆ ಇಟ್ಟಿರಿ ಎನ್ನುವುದು ಬರೆಯುವಾಗ ಎದ್ದು ಕಾಣುತ್ತದೆ, ಎರಡನೆಯದರಲ್ಲಿ ಸರಿ ಮಾಡಿಕೊಳ್ಳಬಹುದು.

ಸರ್ವೆಗೂ ಸಂದರ್ಶನಕ್ಕೂ ಸೇರಿಸಿ ಒಂದು ಮಾತು. ಜನರಿಂದ ಮಾಹಿತಿ ತೆಗೆದುಕೊಳ್ಳುವ ಕೆಲಸಕ್ಕೆ ಹಲವು ಸಂಸ್ಥೆಗಳಲ್ಲಿ ಎಥಿಕ್ಸ್ ಕಮಿಟಿಯ, ಅಂದರೆ ಸಂಶೋಧನೆಯಿಂದ ಜನರಿಗೆ ತೊಂದರೆ ಆಗದಂತೆ ನೋಡುವ ಸಮಿತಿಯ ಒಪ್ಪಿಗೆ ಬೇಕು, ಅದೂ ಕೆಲಸ ಶುರುವಾಗುವ ಮೊದಲೇ. ಮಾಡಿ ಮುಗಿಸಿದ ಮೇಲೆ ಕೇಳಿದರೆ ಕೊಡುವುದಿಲ್ಲ. ವಾರಗಟ್ಟಲೆ ಹಿಡಿಯಬಹುದು. ಮಕ್ಕಳು, ರೋಗಿಗಳು ಇದ್ದರೆ ಇನ್ನೂ ಜಾಸ್ತಿ, ಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆಯೂ ಬೇಕು. ಒಂದೇ ಸೆಮಿಸ್ಟರ್ ಇರುವವರು ಶಾಲಾ ಮಕ್ಕಳ ಬದಲು ಶಿಕ್ಷಕರನ್ನು ಮಾತಾಡಿಸುವ ಬಗ್ಗೆ ಯೋಚಿಸಿ.

ಹಳೆ ದಾಖಲೆ, ಹಳೆ ಪಠ್ಯ

ಇತಿಹಾಸ, ಸಾಹಿತ್ಯ, ಕಾನೂನು, ರಾಜ್ಯಶಾಸ್ತ್ರದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂದು ನನಗೆ ಅನ್ನಿಸುತ್ತದೆ. ಯಾರ ಅನುಮತಿಗೂ ಜಾಸ್ತಿ ಕಾಯಬೇಕಿಲ್ಲ, ಖರ್ಚಿಲ್ಲ. ಬೇಕಾದದ್ದು ಕೂತು ಓದುವ ತಾಳ್ಮೆ.

ಇದರಲ್ಲಿ ಏನು ಸಾಧ್ಯ ಎನ್ನುವುದಕ್ಕೆ ಗ್ರೆಗರಿ ವಾಟ್ಸನ್ ಅವರ ಕಥೆ ಕೇಳಿ. 1982ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪದವಿ ಓದುತ್ತಿದ್ದಾಗ ಒಂದು ಕ್ಲಾಸ್ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರು. ಅಮೆರಿಕದ ಸಂಸತ್ತು 1789ರಲ್ಲಿ ರಾಜ್ಯಗಳಿಗೆ ಕಳಿಸಿದ್ದ, ಸಂಸದರ ಸಂಬಳದ ಕುರಿತ ಒಂದು ತಿದ್ದುಪಡಿ ಕಣ್ಣಿಗೆ ಬಿತ್ತು. ಅದಕ್ಕೆ ಕೊನೆ ದಿನಾಂಕವೇ ಇರಲಿಲ್ಲ. ಅಂದರೆ ಸಾಕಷ್ಟು ರಾಜ್ಯಗಳು ಒಪ್ಪಿದರೆ ಈಗಲೂ ಜಾರಿಗೆ ಬರಬಹುದು ಎಂದು ವಾದಿಸಿ ಬರೆದರು. ಸಿಕ್ಕಿದ್ದು ಸಿ ಗ್ರೇಡ್. ಬಿಡದೆ ರಾಜ್ಯಗಳ ಶಾಸಕರಿಗೆ ಪತ್ರ ಬರೆಯುತ್ತಾ ಹೋದರು. 1992ರಲ್ಲಿ ಅದು ಅಮೆರಿಕದ ಸಂವಿಧಾನದ 27ನೇ ತಿದ್ದುಪಡಿಯಾಯಿತು. 2017ರಲ್ಲಿ ವಿಶ್ವವಿದ್ಯಾಲಯ ಆ ಗ್ರೇಡನ್ನು ಎ ಎಂದು ಬದಲಾಯಿಸಿತು. ಅವರ ಬಳಿ ಯಾವ ಉಪಕರಣವೂ ಇರಲಿಲ್ಲ, ಇದ್ದದ್ದು ಒಂದು ದಾಖಲೆ, ಅದನ್ನು ಕೊನೆಯ ಸಾಲಿನ ತನಕ ಓದಿದ ಕಣ್ಣು.

ಇಲ್ಲಿ ಅಪಾಯ ಹರಡಿಕೊಳ್ಳುವುದು. ಸ್ವಾತಂತ್ರ್ಯ ಹೋರಾಟದಲ್ಲಿ ಪತ್ರಿಕೆಗಳ ಪಾತ್ರ ಅಂದರೆ ಜೀವಮಾನದ ಕೆಲಸ. ಒಂದು ಪತ್ರಿಕೆ, ಆರು ತಿಂಗಳು, ಓದುಗರ ಪತ್ರಗಳ ಪುಟ ಮಾತ್ರ ಅಂದರೆ ಸೆಮಿಸ್ಟರ್‌ನ ಕೆಲಸ. ಮೂಲ ಎಲ್ಲಿದೆ, ನೋಡಲು ಕೊಡುತ್ತಾರಾ, ಕೈಬರಹ ಓದಲು ಬರುತ್ತದಾ, ಫೋಟೋ ತೆಗೆಯಲು ಬಿಡುತ್ತಾರಾ ಎನ್ನುವುದನ್ನು ವಿಷಯ ಬರೆದು ಕೊಡುವ ಮೊದಲೇ ಹೋಗಿ ವಿಚಾರಿಸಿ. ಅಲ್ಲಿ ಬಾಗಿಲು ಮುಚ್ಚಿದ್ದರೆ ಡಿಜಿಟಲ್ ಮಾಡಿಟ್ಟ ಸಂಗ್ರಹಕ್ಕೆ ಬನ್ನಿ. ಪ್ರಾಜೆಕ್ಟ್ ಗುಟೆನ್‌ಬರ್ಗ್ 1971ರಲ್ಲಿ, ಇಂಟರ್ನೆಟ್ ಆರ್ಕೈವ್ 1996ರಲ್ಲಿ ಶುರುವಾದವು, ಎರಡೂ ಕಡೆ ಕೃತಿಸ್ವಾಮ್ಯ ಮುಗಿದ ಪುಸ್ತಕ ದಂಡಿಯಾಗಿ ಸಿಗುತ್ತವೆ.

ರೆಡಿ ಡೇಟಾ

ಕೆಲಸ ಮಾಡಿಕೊಂಡು ಓದುವವರಿಗೆ, ರಾತ್ರಿ ಹೊತ್ತು ಮಾತ್ರ ಸಮಯ ಸಿಗುವವರಿಗೆ, ಕೈಯಲ್ಲಿ ದುಡ್ಡಿಲ್ಲದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಜನಗಣತಿ, ವಿಶ್ವಬ್ಯಾಂಕ್‌ನ ಅಂಕಿಅಂಶ, 1971ರಿಂದ ಬೆಳೆಯುತ್ತಾ ಬಂದು ಈಗ ಪ್ರೋಟೀನ್‌ನಂಥ ಅಣುಗಳ 2 ಲಕ್ಷಕ್ಕೂ ಹೆಚ್ಚು ರಚನೆಗಳಿರುವ ಪ್ರೋಟೀನ್ ಡೇಟಾ ಬ್ಯಾಂಕ್, ದೂರದರ್ಶಕಗಳ ಆಕಾಶ ಸಮೀಕ್ಷೆಗಳು, ಎಲ್ಲ ಉಚಿತ.

2023ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿ ಲ್ಯೂಕ್ ಫ್ಯಾರಿಟರ್, ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬಿಸಿಗೆ ಇದ್ದಿಲಾಗಿದ್ದ ಹಳೆಯ ಬರಹದ ಸುರುಳಿಯೊಂದರಿಂದ ಮೊದಲ ಇಡೀ ಪದವನ್ನು ಓದಿದರು. ಸುರುಳಿಯನ್ನು ಬಿಚ್ಚಲಿಲ್ಲ, ಮುಟ್ಟಲೂ ಇಲ್ಲ. ಎಲ್ಲರಿಗೂ ಸಿಗುವಂತೆ ಹಾಕಿದ್ದ ಸ್ಕ್ಯಾನ್‌ಗಳ ಮೇಲೆ, ಇನ್ನೊಬ್ಬರು ಗುರುತಿಸಿದ್ದ ಶಾಯಿಯ ಬಿರುಕಿನಂಥ ಗುರುತನ್ನು ಆಧಾರವಾಗಿಟ್ಟುಕೊಂಡು ಕಂಪ್ಯೂಟರ್ ಮಾದರಿಗೆ ತರಬೇತಿ ಕೊಟ್ಟರು. ಕಂಡ ಗ್ರೀಕ್ ಪದದ ಅರ್ಥ ನೇರಳೆ.

ಇದರ ಕಷ್ಟ ಏನೆಂದರೆ ನಿಮ್ಮ ಪ್ರಶ್ನೆಗಾಗಿ ಸಂಗ್ರಹಿಸಿದ ಡೇಟಾ ಅಲ್ಲ ಅದು. ನಿಮಗೆ ಬೇಕಾದ ಕಾಲಮ್ಮೇ ಇರುವುದಿಲ್ಲ. ಇದ್ದರೂ ನೀವು ಅಂದುಕೊಂಡ ಅರ್ಥ ಇರುವುದಿಲ್ಲ. ವಯಸ್ಸಿನ ಕಾಲಮ್‌ನಲ್ಲಿ 23, 41, 999, 37 ಎಂದಿರುತ್ತದೆ. 999 ಅಂದರೆ ಉತ್ತರ ಕೊಟ್ಟಿಲ್ಲ ಎಂಬ ಸಂಕೇತ. ಅದನ್ನು ನೋಡದೆ ಈ ನಾಲ್ಕರ ಸರಾಸರಿ ತೆಗೆದರೆ 275 ಬರುತ್ತದೆ, ತಪ್ಪು ತಕ್ಷಣ ಗೊತ್ತಾಗುತ್ತದೆ. ಅದೇ ಸಂಕೇತ 99 ಆಗಿದ್ದು ಸಾವಿರ ಸಾಲುಗಳಲ್ಲಿ ಇಪ್ಪತ್ತು ಕಡೆ ಮಾತ್ರ ಇದ್ದರೆ ಸರಾಸರಿ ಒಂದೆರಡು ವರ್ಷ ಮೇಲೇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ, ನಿಮ್ಮ ತೀರ್ಮಾನ ಮಾತ್ರ ತಪ್ಪಾಗಿರುತ್ತದೆ. ಡೇಟಾ ಜೊತೆ ಬರುವ ಕೋಡ್‌ಬುಕ್, ಅಂದರೆ ಪ್ರತಿ ಕಾಲಮ್ ಮತ್ತು ಸಂಕೇತದ ಅರ್ಥ ಹೇಳುವ ಕಡತ ಓದಲು ಒಂದು ವಾರ ಇಡಿ. ಶುಚಿ ಮಾಡಲು ಅರ್ಧ ಸಮಯ ಹೋದರೂ ಗಾಬರಿಯಾಗಬೇಡಿ, ಎಲ್ಲರಿಗೂ ಹೋಗುತ್ತದೆ.

ಇನ್ನೊಂದು: 1936ರಿಂದ ಎಲ್ಲರೂ ಬಳಸುತ್ತಿರುವ 150 ಐರಿಸ್ ಹೂಗಳ ಡೇಟಾ, ಟೈಟಾನಿಕ್ ಪ್ರಯಾಣಿಕರ ಡೇಟಾ ಇವೆಲ್ಲ ಕಲಿಯಲು ಚೆಂದ. ಪ್ರಾಜೆಕ್ಟ್‌ಗೆ ಬೇಡ. ಅಲ್ಲಿ ನೀವು ಕೇಳುವ ಪ್ರಶ್ನೆ ಉಳಿದಿಲ್ಲ.

ಆಪ್, ಮಾದರಿ, ಯಂತ್ರ ಕಟ್ಟುವುದು

ಕಟ್ಟಿದ ಮಾತ್ರಕ್ಕೆ ಸಂಶೋಧನೆ ಆಗುವುದಿಲ್ಲ. ಕಟ್ಟಿದ್ದು ಈಗಿರುವುದಕ್ಕಿಂತ ಯಾವ ಅಳತೆಯಲ್ಲಿ ಉತ್ತಮ ಎಂದು ತೋರಿಸಿದರೆ ಆಗುತ್ತದೆ. ಎಲೆಯ ಫೋಟೋ ನೋಡಿ ರೋಗ ಹೇಳುವ ಮಾದರಿ ಮಾಡಿದಿರಿ, ಶೇ. 95 ಸರಿ ಹೇಳುತ್ತದೆ. ಆದರೆ ನಿಮ್ಮ 100 ಫೋಟೋಗಳಲ್ಲಿ 95 ಆರೋಗ್ಯವಂತ ಎಲೆಗಳೇ ಆಗಿದ್ದರೆ, ಎಲ್ಲದಕ್ಕೂ ಕಣ್ಣುಮುಚ್ಚಿ ಆರೋಗ್ಯ ಎನ್ನುವ ಒಂದು ಸಾಲಿನ ಕೋಡ್ ಕೂಡ ಶೇ. 95 ಸರಿ ಇರುತ್ತದೆ! ಹೋಲಿಸಲು ಒಂದು ಸರಳ ವಿಧಾನ ಪಕ್ಕದಲ್ಲಿ ಇಡಲೇಬೇಕು. ಉದ್ಯೋಗಕ್ಕೆ ಹೋಗುವವರಿಗೆ ಇದು ಒಳ್ಳೆಯ ಆಯ್ಕೆ, ಕೆಲಸದ ಸಂದರ್ಶನದಲ್ಲಿ ತೋರಿಸಲು ಕೈಯಲ್ಲಿ ವಸ್ತು ಇರುತ್ತದೆ. ಹಾರ್ಡ್‌ವೇರ್ ಆದರೆ ಬಿಡಿಭಾಗ ತಡವಾಗಿ ಬರುವುದನ್ನು, ಸುಟ್ಟುಹೋಗುವುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಗಣಿತ, ಸಿದ್ಧಾಂತ

ಬಹಳ ಕಡಿಮೆ ಜನರಿಗೆ ಒಗ್ಗುವ ದಾರಿ. ಖರ್ಚು ಸೊನ್ನೆ, ಅಪಾಯ ಜಾಸ್ತಿ. ಟೆಕ್ಸಾಸ್‌ನಲ್ಲೇ ಪದವಿ ಓದುತ್ತಿದ್ದ ಇವಿನ್ ಟ್ಯಾಂಗ್ ಅವರಿಗೆ ಗೈಡ್ ಕೊಟ್ಟ ಸಮಸ್ಯೆ ಹೀಗಿತ್ತು: ಯಾರಿಗೆ ಯಾವ ಸಿನಿಮಾ, ಯಾವ ವಸ್ತು ಇಷ್ಟವಾಗಬಹುದು ಎಂದು ಸೂಚಿಸುವ ಥರದ ಒಂದು ಲೆಕ್ಕವನ್ನು ಕ್ವಾಂಟಮ್ ಕಂಪ್ಯೂಟರ್‌ನಷ್ಟು ವೇಗವಾಗಿ ಸಾಮಾನ್ಯ ಕಂಪ್ಯೂಟರ್ ಮಾಡಲಾರದು ಎಂದು ಸಾಧಿಸಿ ತೋರಿಸುವುದು. ಸಾಧಿಸಲಾಗಲಿಲ್ಲ, ಯಾಕೆಂದರೆ ಹೆಚ್ಚುಕಮ್ಮಿ ಅಷ್ಟೇ ವೇಗದ ವಿಧಾನ ಇದೆ ಎನ್ನುವುದು ಗೊತ್ತಾಯಿತು. 2018ರಲ್ಲಿ ಅದನ್ನೇ ಪ್ರಕಟಿಸಿದರು. ಇಂಥದ್ದು ಎಲ್ಲರಿಗೂ ಆಗುವುದಿಲ್ಲ, ಆದ್ದರಿಂದ ದೊಡ್ಡ ಸಮಸ್ಯೆಯ ಜೊತೆಗೆ ಚಿಕ್ಕ ಸಂಖ್ಯೆಗಳಿಗೆ ಕಂಪ್ಯೂಟರ್‌ನಿಂದ ಲೆಕ್ಕ ಹಾಕುವುದು, ಒಂದು ವಿಶೇಷ ಸಂದರ್ಭಕ್ಕೆ ಮಾತ್ರ ಸಾಧಿಸುವುದು ಇಂಥ ಒಂದು ಹಿಂಬಾಗಿಲನ್ನು ಗೈಡ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಓದಿ ಬರೆಯುವ ವಿಮರ್ಶೆ, ಮತ್ತೆ ಮಾಡಿ ನೋಡುವುದು

ಪ್ರಯೋಗ ಬೇಡ, ಬೇರೆಯವರ ಸಂಶೋಧನೆ ಓದಿ ಒಟ್ಟು ಮಾಡುತ್ತೇನೆ ಎನ್ನುವವರಿಗೆ ಎಚ್ಚರಿಕೆ: ವ್ಯವಸ್ಥಿತ ವಿಮರ್ಶೆ, ಅಂದರೆ ಸಿಸ್ಟಮ್ಯಾಟಿಕ್ ರಿವ್ಯೂ, ಸುಲಭದ್ದಲ್ಲ. ವೈದ್ಯಕೀಯ ಕ್ಷೇತ್ರದ ಇಂಥ ವಿಮರ್ಶೆಗಳನ್ನು ಲೆಕ್ಕ ಹಾಕಿದ 2017ರ ಅಧ್ಯಯನದ ಪ್ರಕಾರ ಒಂದು ಮುಗಿಯಲು ಸರಾಸರಿ 67 ವಾರ ಹಿಡಿದಿತ್ತು. ಪ್ರತಿ ಲೇಖನವನ್ನು ಇಬ್ಬರು ಬೇರೆಬೇರೆಯಾಗಿ ಪರಿಶೀಲಿಸುವುದು ಅಲ್ಲಿನ ವಾಡಿಕೆ. ನೀವು ಒಬ್ಬರೇ, ಒಂದೇ ಸೆಮಿಸ್ಟರ್ ಎಂದಾದರೆ ಪ್ರಶ್ನೆ ಚಿಕ್ಕದು ಮಾಡಿ, ಹುಡುಕಿದ ಪದಗಳನ್ನೂ ಬಿಟ್ಟ ಲೇಖನಗಳನ್ನೂ ಬರೆದಿಡಿ, ಹೆಸರು ಮಾತ್ರ ವ್ಯವಸ್ಥಿತ ಅಂತ ಇಡಬೇಡಿ.

ಇದಕ್ಕಿಂತ ನನಗೆ ಇಷ್ಟವಾದ ಆಯ್ಕೆ ಒಂದಿದೆ, ಯಾರೂ ಕಣ್ಣೆತ್ತಿ ನೋಡುವುದಿಲ್ಲ: ಪ್ರಕಟವಾದ ಒಂದು ಚಿಕ್ಕ ಅಧ್ಯಯನವನ್ನು ಹಾಗೇ ಮತ್ತೆ ಮಾಡಿ ನೋಡುವುದು. 2015ರಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿದರು. ಮೂಲದಲ್ಲಿ ಶೇ. 97ರಷ್ಟು ಅಂಕಿಅಂಶದ ಲೆಕ್ಕದಲ್ಲಿ ಗಮನಾರ್ಹ ಎನ್ನಿಸುವ ಫಲಿತಾಂಶ ಕೊಟ್ಟಿದ್ದವು, ಮತ್ತೆ ಮಾಡಿದಾಗ ಶೇ. 36 ಮಾತ್ರ. ಇಲ್ಲಿ ವಿಧಾನ ಸಿದ್ಧವಾಗಿದೆ, ಪ್ರಶ್ನೆಗಳು ಸಿದ್ಧವಾಗಿವೆ, ಅದೇ ಫಲಿತಾಂಶ ಬಂದರೂ ಬರದಿದ್ದರೂ ಬರೆಯಲು ಇದೆ. ಹೊಸತನ ಎಲ್ಲಿ ಎಂದು ಗೈಡ್ ಕೇಳಿದರೆ ಒಂದೇ ಒಂದು ಬದಲಾವಣೆ ಸೇರಿಸಿ, ಬೇರೆ ಭಾಷೆಯ ಜನ ಅಥವಾ ಬೇರೆ ವಯಸ್ಸು.

ಹಾಗಾದರೆ ಯಾರಿಗೆ ಯಾವುದು

ಒಂದೇ ಸೆಮಿಸ್ಟರ್, ದುಡ್ಡಿಲ್ಲ, ಚೂರು ಸಮಯ: ರೆಡಿ ಡೇಟಾ ಅಥವಾ ಡಿಜಿಟಲ್ ಮಾಡಿದ ಹಳೆ ದಾಖಲೆ. ಒಂದು ವರ್ಷ ಇದೆ, ಮುಂದೆ ಪಿಎಚ್‌ಡಿ ಆಸೆ ಇದೆ ಎಂದಾದರೆ ಲ್ಯಾಬ್ ಅಥವಾ ಸಂದರ್ಶನ, ನಿಮ್ಮ ಶಾಖೆಗೆ ತಕ್ಕಂತೆ. ಇಡೀ ರಜೆ ಖಾಲಿ ಇರುವವರು ಲ್ಯಾಬ್ ಕೆಲಸವನ್ನು ರಜೆಯಲ್ಲಿ ಮಾಡಿ ಸೆಮಿಸ್ಟರ್‌ನಲ್ಲಿ ಬರೆಯಬಹುದು. ನಾಲ್ಕು ಜನರ ಗುಂಪು ಎಂದಾದರೆ ಸರ್ವೆ ಚೆನ್ನಾಗಿ ಹಂಚಿಕೆಯಾಗುತ್ತದೆ. ಸಂದರ್ಶನವನ್ನೂ ಹಂಚಬಹುದು, ಆದರೆ ಇಬ್ಬರಿಗಿಂತ ಜಾಸ್ತಿ ಜನ ಗುರುತು ಹಾಕಲು ಕೂತರೆ ಒಬ್ಬೊಬ್ಬರ ಗುರುತು ಒಂದೊಂದು ಥರ ಆಗುತ್ತದೆ. ಸಿದ್ಧಾಂತ ಒಬ್ಬರದೇ ಕೆಲಸ, ಹೆಚ್ಚೆಂದರೆ ಇಬ್ಬರದು.

ಸ್ವಂತ ವಿಷಯವಾ, ಗೈಡ್ ಕೊಟ್ಟ ವಿಷಯವಾ ಎನ್ನುವವರಿಗೆ ನನ್ನ ಉತ್ತರ ಶಾಖೆ ನೋಡಿ ಬದಲಾಗುತ್ತದೆ. ಲ್ಯಾಬ್ ಆದರೆ ಗೈಡ್ ವಿಷಯವೇ ವಾಸಿ, ಯಾಕೆಂದರೆ ರಾಸಾಯನಿಕ, ಉಪಕರಣ, ಕೇಳಿದರೆ ಉತ್ತರಿಸುವ ಜನ ಎಲ್ಲ ಅದರ ಸುತ್ತ ಇರುತ್ತಾರೆ. ಅದರೊಳಗೆ ನಿಮ್ಮದೇ ಒಂದು ಚಿಕ್ಕ ಪ್ರಶ್ನೆ ಕೇಳಿ ತೆಗೆದುಕೊಳ್ಳಿ. ಮಾನವಿಕ, ಸಮಾಜಶಾಸ್ತ್ರ ಆದರೆ ಸ್ವಂತದ್ದೇ ಹಿಡಿಯಿರಿ. ನಿಮಗೇ ಕುತೂಹಲ ಇಲ್ಲದ ಇನ್ನೂರು ಪುಟ ಓದುವುದು ಬಹಳ ಕಷ್ಟ.

ಇನ್ನೂ ಎರಡರ ಮಧ್ಯೆ ಸಿಕ್ಕಿಕೊಂಡಿದ್ದರೆ ಎರಡರಲ್ಲೂ ಅತ್ಯಂತ ಚಿಕ್ಕ ತುಂಡನ್ನು ಒಂದೊಂದು ಸಂಜೆ ಮಾಡಿ ನೋಡಿ. ಇಪ್ಪತ್ತು ನಿಮಿಷದ ಒಂದು ಸಂದರ್ಶನ ಮಾಡಿ ಬರೆದುಕೊಳ್ಳಿ. ಡೇಟಾ ಫೈಲ್ ಇಳಿಸಿಕೊಂಡು ಒಂದೇ ಒಂದು ಕಾಲಮ್‌ನ ಸರಾಸರಿ ತೆಗೆಯಿರಿ. ಹಳೆ ಪತ್ರಿಕೆಯ ಒಂದು ವಾರದ ಸಂಚಿಕೆ ಓದಿ ಟಿಪ್ಪಣಿ ಮಾಡಿ. ಯಾವುದರಲ್ಲಿ ಹೊತ್ತು ಹೋದದ್ದು ಗೊತ್ತಾಗಲಿಲ್ಲವೋ, ಯಾವುದು ಎಲ್ಲಿ ನಿಂತಿತೋ, ಅದನ್ನು ಬರೆದುಕೊಂಡು ಗೈಡ್ ಹತ್ತಿರ ಹೋಗಿ. ಜೊತೆಗೆ ಇನ್ನೊಂದನ್ನು ಕೇಳಿ: ಇದು ನಡೆಯದಿದ್ದರೆ ಯಾವ ವಾರದ ತನಕ ವಿಷಯ ಬದಲಾಯಿಸಲು ಬಿಡುತ್ತೀರಿ? ಆ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಳ್ಳಿ, ಅದಕ್ಕಿಂತ ಎರಡು ವಾರ ಮೊದಲು ಡೇಟಾದ ಮೊದಲ ಕಂತು ಕೈಯಲ್ಲಿರುವಂತೆ ನೋಡಿಕೊಳ್ಳಿ.